ಕಡಿಮೆ ಸಂಬಳದವರ ಕೂಲಿ ಯಾವಾಗ ಬೇಗ ಏರುತ್ತದೆ?

ಕೆಲಸ ಚೆನ್ನಾಗಿ ಕಲಿತರೆ ಮಾತ್ರ ಸಂಬಳ ಏರುತ್ತದಾ ಎಂದು ಕೇಳಿದ್ದೀರಿ. ಅದು ಅರ್ಧ ನಿಜ ಅಷ್ಟೇ. ಬೇರೆ ಕಡೆ ಸುಲಭವಾಗಿ ಕೆಲಸ ಸಿಗುತ್ತಾ ಅನ್ನೋದೂ ತುಂಬಾ ಮುಖ್ಯ.

ಹೋಟೆಲ್‌ನಲ್ಲಿ ಪಾತ್ರೆ ತೊಳೆಯುವ ಒಬ್ಬರನ್ನು ನೋಡಿ. ಅವರ ಕೆಲಸ ಹೋದ ವರ್ಷ ಹೇಗಿತ್ತೋ ಈಗಲೂ ಹಾಗೇ ಇದೆ. ಆದರೆ ಎದುರಿನ ಹೋಟೆಲ್‌ನವರು ಜನ ಸಿಗದೆ ಒದ್ದಾಡುತ್ತಿದ್ದಾರೆ. 'ಜಾಸ್ತಿ ಕೊಡ್ತೀವಿ, ಬನ್ನಿ' ಅಂತಾರೆ. ಆಗ ಈಗಿನ ಮಾಲೀಕರೂ ಕೈ ಬಿಚ್ಚಲೇಬೇಕು, ಅಲ್ವಾ? ಅಮೆರಿಕದಲ್ಲಿ ಕೋವಿಡ್ ನಂತರ ಹೀಗೇ ಆಯಿತು. ಕೆಳಹಂತದವರ ಕೂಲಿ ಮೇಲಿನವರಿಗಿಂತ ಬೇಗ ಏರಿತು.

ಕನಿಷ್ಠ ವೇತನದ ಕಾನೂನೂ ನೆರವಾಗುತ್ತದೆ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಇದರಿಂದ ಕೆಲಸಗಳು ಕಮ್ಮಿಯಾದವಾ ಎಂದು ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಲೆಕ್ಕ ಹಾಕಿದರು. ಹಾಗೆ ಕಾಣಲಿಲ್ಲ. ಇದರ ಮೇಲೆ ವಾದ ಇನ್ನೂ ಮುಗಿದಿಲ್ಲ, ಆದರೂ ನನಗೆ ಇದು ಗಟ್ಟಿ ಪುರಾವೆ ಅನ್ನಿಸುತ್ತದೆ.

ಒಂದು ಎಚ್ಚರಿಕೆ. ಸಂಬಳದ ಚೀಟಿಯನ್ನು ಮಾತ್ರ ನೋಡಬೇಡಿ. ಸಂಬಳ ನೂರಕ್ಕೆ 5 ಏರಿ, ದಿನಸಿ ಮತ್ತು ಬಾಡಿಗೆ ನೂರಕ್ಕೆ 7 ಏರಿದರೆ ಆ ಮನೆಯವರು ಮೊದಲಿಗಿಂತ ಬಡವರಾದ ಹಾಗೆಯೇ.