ಅಲೆ ಬರುವ ಹೊತ್ತು ಮೊದಲು ಗೊತ್ತು ಮಾಡಿಕೊಳ್ಳಿ

ಹೋದ ಸಂಚಿಕೆಯಲ್ಲಿ ಸಮುದ್ರದ ಒಳ ಅಲೆಗಳ ಬಗ್ಗೆ ಒಂದೇ ಒಂದು ಉತ್ತರ ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನನಗಂತೂ ತುಂಬಾ ಖುಷಿ. ಸಂಶೋಧನಾ ಹಡಗುಗಳಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ. ಅದರಲ್ಲಿ ಸಮುದ್ರದ ಮೇಲೆ ಕಳೆದದ್ದಕ್ಕಿಂತ ಮೇಜಿನ ಮುಂದೆ ಕೂತು ಯಾನದ ಪ್ಲಾನ್ ಬರೆದದ್ದೇ ಜಾಸ್ತಿ. ಹಾಗಾಗಿ ಈ ಸಲ ಬೇರೆ ವಿಷಯದ ಪತ್ರಗಳನ್ನು ಪಕ್ಕಕ್ಕಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನೀರಿನ ಒಳಗೆ ಅಲೆ ಅಂದರೆ ಏನು? ಅದು ಜಲಸಂಧಿಗಳಲ್ಲೇ ಯಾಕೆ ಹುಟ್ಟುತ್ತದೆ? (ಪಿಯುಸಿ ವಿದ್ಯಾರ್ಥಿ)

ಸಮುದ್ರ ಮೇಲಿಂದ ಕೆಳಗಿನವರೆಗೆ ಒಂದೇ ನೀರಲ್ಲ. ಮೇಲೆ ಬೆಚ್ಚಗಿನ, ಹಗುರವಾದ ಪದರ. ಕೆಳಗೆ ತಣ್ಣಗಿನ, ಭಾರದ ನೀರು. ಎರಡೂ ಸೇರುವ ಗಡಿಯಲ್ಲಿ ಏಳುವುದೇ ಒಳ ಅಲೆ. ನೀರಿಗೂ ಗಾಳಿಗೂ ಭಾರದಲ್ಲಿ ಭಾರಿ ವ್ಯತ್ಯಾಸ ಇದೆ. ಆದರೆ ಈ ಎರಡು ಪದರಗಳ ನಡುವಿನ ವ್ಯತ್ಯಾಸ ಸಾವಿರಕ್ಕೆ ಎರಡೋ ಮೂರೋ ಭಾಗ ಅಷ್ಟೇ. ಅದಕ್ಕೇ ಆ ಗಡಿಯನ್ನು ಎತ್ತಲು, ತಗ್ಗಿಸಲು ಹೆಚ್ಚು ಬಲ ಬೇಡ. ಅಲೆ ಬಹಳ ಎತ್ತರಕ್ಕೆ ಬೆಳೆಯುತ್ತದೆ, ಆದರೆ ನಿಧಾನವಾಗಿ ಸಾಗುತ್ತದೆ.

ಜಲಸಂಧಿಯ ಪಾತ್ರ ಏನು ಅಂತ ಕೇಳಿದ್ದೀರಿ. ಹೊಳೆಯಲ್ಲಿ ಮುಳುಗಿದ ಬಂಡೆಯ ಮೇಲೆ ನೀರು ಹಾದು ಹೋಗುವುದನ್ನು ನೋಡಿದ್ದೀರಲ್ವಾ? ಬಂಡೆ ದಾಟಿದ ಕೂಡಲೇ ನೀರು ತಗ್ಗಿ, ಮತ್ತೆ ಉಬ್ಬುತ್ತದೆ. ಬಹಳಷ್ಟು ಜಲಸಂಧಿಗಳ ತಳದಲ್ಲೂ ಇಂಥ ದಿಬ್ಬಗಳಿವೆ. ಉಬ್ಬರದ ನೀರು ದಿನಾ ಅವುಗಳ ಮೇಲೆ ಹತ್ತಿ ಇಳಿಯುತ್ತದೆ. ಜಿಬ್ರಾಲ್ಟರ್‌ನಲ್ಲಿ ಕಮರಿನಾಲ್ ಅನ್ನುವ ದಿಬ್ಬ ಇದೆ. ಅದರ ಮೇಲೆ ನೀರಿನ ಆಳ ಸುಮಾರು 290 ಮೀಟರ್. ಅಲ್ಲಿ ಮೇಲಿನ ಅಟ್ಲಾಂಟಿಕ್ ನೀರು ಒಳಗೆ ಬರುತ್ತದೆ, ಕೆಳಗಿನ ಮೆಡಿಟರೇನಿಯನ್ನಿನ ಉಪ್ಪು ಜಾಸ್ತಿಯಿರುವ ನೀರು ಹೊರಗೆ ಹೋಗುತ್ತದೆ. ಉಬ್ಬರದ ಸೆಳೆತ ಇರುವಷ್ಟು ಹೊತ್ತು ಅಲೆ ದಿಬ್ಬದ ಹಿಂದೆ ಹಿಡಿದಿಟ್ಟ ಹಾಗೆ ನಿಂತಿರುತ್ತದೆ. ಸೆಳೆತ ಸಡಿಲವಾದ ಕೂಡಲೇ ಬಿಡಿಸಿಕೊಂಡು ಪೂರ್ವಕ್ಕೆ ಹೊರಡುತ್ತದೆ.

ಎಲ್ಲಕ್ಕಿಂತ ದೊಡ್ಡವು ಲುಝಾನ್ ಜಲಸಂಧಿಯವು. ತೈವಾನಿಗೂ ಫಿಲಿಪ್ಪೀನ್ಸಿಗೂ ನಡುವೆ ಎರಡು ಸಾಲು ದಿಬ್ಬಗಳಿವೆ. ಅಲ್ಲಿ ಹುಟ್ಟುವ ಅಲೆಗಳು ದಕ್ಷಿಣ ಚೀನಾ ಸಮುದ್ರದಲ್ಲಿ 200 ಮೀಟರ್ ಮೀರಿ ಬೆಳೆಯುತ್ತವೆ.

ಪ್ರಶ್ನೆ: ಹಡಗು ಇಪ್ಪತ್ತು ದಿನಕ್ಕೆ ಸಿಕ್ಕಿತು ಅಂದುಕೊಳ್ಳಿ. ಆ ದಿನಗಳನ್ನು ಹೇಗೆ ಹಂಚುತ್ತೀರಿ? (ನಿವೃತ್ತ ಎಂಜಿನಿಯರ್)

ಇದೇ ನನ್ನ ಮೆಚ್ಚಿನ ಪ್ರಶ್ನೆ. ಸ್ವಲ್ಪ ಉದ್ದಕ್ಕೆ ಉತ್ತರಿಸುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಕಳೆಯುವ ಲೆಕ್ಕ. ಬಂದರಿನಿಂದ ಹೋಗಿ ಬರಲು 4 ದಿನ. ಮೂರಿಂಗ್, ಅಂದರೆ ಸಮುದ್ರದ ತಳಕ್ಕೆ ಕಟ್ಟಿ ನಿಲ್ಲಿಸುವ ಸಾಧನಗಳ ಸಾಲು, ಅದನ್ನು ಇಳಿಸಲು, ಕೊನೆಗೆ ಎತ್ತಲು 5 ದಿನ. ಗಾಳಿ ಮಳೆಗೆ ಅಂತ 3 ದಿನ ಎತ್ತಿಡಲೇಬೇಕು. ಉಳಿದದ್ದು 8 ದಿನ. ಒಂದು ಜಾಗದಲ್ಲಿ ಅಲೆಯ ಪೂರ್ತಿ ಕಥೆ ತಿಳಿಯಬೇಕಾದರೆ ಅಲ್ಲೇ ಕಡಿಮೆ ಅಂದರೂ 25 ಗಂಟೆ ನಿಲ್ಲಬೇಕು. ಅಷ್ಟು ಹೊತ್ತಿನಲ್ಲಿ ಉಬ್ಬರ ಇಳಿತದ ಒಂದು ಸುತ್ತು ಮುಗಿಯುತ್ತದೆ. ಜಾಗ ಬದಲಿಸುವ ಹೊತ್ತೂ ಸೇರಿದರೆ ಏಳು ಸ್ಟೇಷನ್, ಅಂದರೆ ಹಡಗು ನಿಂತು ಅಳೆಯುವ ಏಳು ಸರದಿ, ಆಗುತ್ತವೆ. ಉಬ್ಬರ ಜೋರಿದ್ದಾಗ ಒಮ್ಮೆ, ಸಪ್ಪೆಯಾದಾಗ ಒಮ್ಮೆ ಅದೇ ಜಾಗ ನೋಡಬೇಕಲ್ಲ? ಹಾಗಾದರೆ ನಿಮಗೆ ನಿಜವಾಗಿ ಸಿಗುವುದು ಮೂರೇ ಜಾಗ.

ಹೊಸಬರ ಪ್ಲಾನ್ ನೋಡಿದರೆ ನಕ್ಷೆಯ ತುಂಬಾ ಚುಕ್ಕಿ ಇರುತ್ತವೆ. ನಲವತ್ತು ಸ್ಟೇಷನ್, ಒಂದೊಂದರಲ್ಲಿ ಎರಡು ಗಂಟೆ. ನೋಡಲು ಚೆಂದ. ಆದರೆ ಒಂದು ಚುಕ್ಕಿಯಲ್ಲಿ ಅಲೆಯ ತಗ್ಗು ಸಿಕ್ಕಿರುತ್ತದೆ, ಇನ್ನೊಂದರಲ್ಲಿ ಅಲೆ ಹೋಗಿ ಮೂರು ಗಂಟೆ ಆಗಿರುತ್ತದೆ. ಎರಡನ್ನೂ ಗೆರೆ ಎಳೆದು ಜೋಡಿಸಿದರೆ ಸಮುದ್ರದಲ್ಲಿ ಇಲ್ಲದ ಚಿತ್ರವೊಂದು ಹುಟ್ಟುತ್ತದೆ. ಸಿಟಿಡಿ ಯಂತ್ರದ ಮಿತಿಯೂ ಗೊತ್ತಿರಬೇಕು. ನೀರಿನ ಉಪ್ಪು, ಬಿಸಿ, ಆಳ ಅಳೆಯುವ ಯಂತ್ರ ಅದು. ಕೇಬಲ್ಲಿಗೆ ಕಟ್ಟಿ ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ಇಳಿಸುತ್ತೇವೆ. 3000 ಮೀಟರ್ ಇಳಿದು ಮೇಲೆ ಬರಲು ಎರಡು ಗಂಟೆ ಹತ್ತಿರ ಬೇಕು. ದೊಡ್ಡ ಒಳ ಅಲೆ ಹಡಗಿನ ಕೆಳಗೆ ಹಾದು ಹೋಗಲು ಅರ್ಧ ಗಂಟೆ ಸಾಕು. ಯಂತ್ರ ತಳದಲ್ಲಿರುವಾಗ ಅಲೆ ಬಂದು ಹೋಗಿಯೇ ಬಿಟ್ಟಿರುತ್ತದೆ! ಆದ್ದರಿಂದ ಅಲೆ ಬರುವ ಹೊತ್ತಿಗೆ ತಳದ ಆಸೆ ಬಿಡಿ. ಮೇಲಿನ ಐನೂರು ಮೀಟರ್ ಮಾತ್ರ, ಯೋಯೋ ಆಡಿಸಿದ ಹಾಗೆ, ಬಿಡದೆ ಮೇಲೆ ಕೆಳಗೆ ಮಾಡಿ.

ಇನ್ನು ತಾರೀಖು. ಇಲ್ಲಿ ನಾನೇ ದೊಡ್ಡ ತಪ್ಪು ಮಾಡಿದ್ದೇನೆ. ಲುಝಾನ್ ಕಡೆಯ ನನ್ನ ಮೊದಲ ಯಾನಕ್ಕೆ ಹಡಗು ಸಿಕ್ಕಿದ್ದು ಮಾರ್ಚ್‌ನಲ್ಲಿ. ಹುಣ್ಣಿಮೆಗೆ ಉಬ್ಬರ ಜೋರು ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ನಾನೂ ಹುಣ್ಣಿಮೆ ನೋಡಿ ದಿನ ಗೊತ್ತು ಮಾಡಿದೆ. ಅಲೆಗಳು ಬಂದವು, ಆದರೆ ಪುಟ್ಟವು. ಒಂದು ವಾರ ಕಳೆದು, ಚಂದ್ರ ಅರ್ಧ ಆದ ಮೇಲೆ, ಮೂರಿಂಗ್ ಎತ್ತುವ ಗಡಿಬಿಡಿಯಲ್ಲಿ ನಾವಿದ್ದಾಗ ದೊಡ್ಡ ಅಲೆಗಳು ಶುರುವಾದವು. ಬಂದರಿಗೆ ಮರಳುವ ದಿನ ಬದಲಿಸುವ ಹಾಗಿರಲಿಲ್ಲ. ಡೆಕ್ಕಿನ ಕಟಕಟೆ ಹಿಡಿದು ನೋಡುತ್ತಾ ನಿಂತಿದ್ದೆ. ಆ ಸಂಜೆ ಊಟ ಸೇರಲಿಲ್ಲ.

ಕಾರಣ ಇಷ್ಟು. ಬಹಳ ಕಡೆ ದಿನಕ್ಕೆ ಎರಡು ಉಬ್ಬರ ಮುಖ್ಯ. ಅಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಲೆಕ್ಕ ಸರಿ. ಲುಝಾನ್‌ನಲ್ಲಿ ದಿನಕ್ಕೆ ಒಂದೇ ಸಲ ಬರುವ ಉಬ್ಬರದ ಪಾಲು ದೊಡ್ಡದು. ಚಂದ್ರ ಭೂಮಧ್ಯರೇಖೆಯಿಂದ ಉತ್ತರಕ್ಕೋ ದಕ್ಷಿಣಕ್ಕೋ ತುಂಬಾ ಸರಿದಾಗ ಅದಕ್ಕೆ ಜೋರು ಬರುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹುಣ್ಣಿಮೆಯ ಚಂದ್ರ ಭೂಮಧ್ಯರೇಖೆಯ ಹತ್ತಿರವೇ ಇರುತ್ತಾನೆ. ಜೂನ್, ಡಿಸೆಂಬರ್‌ನಲ್ಲಿ ಹುಣ್ಣಿಮೆಗೇ ದೂರ ಸರಿದಿರುತ್ತಾನೆ, ಆಗ ಎರಡೂ ಉಬ್ಬರ ಒಟ್ಟಿಗೆ ಜೋರಾಗುತ್ತವೆ. ಡಿಸೆಂಬರ್‌ನಲ್ಲಿ ಈಶಾನ್ಯದ ಗಾಳಿಗೆ ಡೆಕ್ ಮೇಲೆ ನಿಲ್ಲಲಾಗದು. ಮಳೆಗಾಲ ಬಲಿತರೆ ಟೈಫೂನ್ ಭಯ. ಹಾಗಾಗಿ ಹಡಗು ಕೊಡುವವರು ಕೇಳಿದರೆ ನಾನು ಮೇ ಕೊನೆ, ಜೂನ್ ಅನ್ನುತ್ತೇನೆ.

ತಾರೀಖು ಗೊತ್ತಾದ ಮೇಲೆ ಅಲೆಯ ಹೊತ್ತನ್ನೂ ಲೆಕ್ಕ ಹಾಕಬಹುದು. ಲುಝಾನ್‌ನಿಂದ ಪಶ್ಚಿಮಕ್ಕೆ ಸೆಕೆಂಡಿಗೆ ಮೂರು ಮೀಟರ್ ಆಸುಪಾಸು ವೇಗ. ಸುಮಾರು 500 ಕಿ.ಮೀ. ದೂರದ ಡೊಂಗ್ಶಾ ಹವಳದ ದ್ವೀಪಕ್ಕೆ ಎರಡು ದಿನದ ದಾರಿ. ನನ್ನ ಪ್ಲಾನಿನ ಮೊದಲ ಹಾಳೆಯಲ್ಲಿ ಈಗ ನಕ್ಷೆ ಇರುವುದಿಲ್ಲ. ಯಾವ ದಿನ, ಯಾವ ಜಾಗಕ್ಕೆ, ಎಷ್ಟು ಗಂಟೆಗೆ ಅಲೆ ಬರಬೇಕು ಅನ್ನುವ ಪಟ್ಟಿ ಇರುತ್ತದೆ. ಅಲೆಯ ಹಿಂದೆ ಓಡುವ ಬದಲು ಎರಡು ಗಂಟೆ ಮೊದಲೇ ಹೋಗಿ ನಿಲ್ಲುತ್ತೇವೆ.

ಪ್ರಶ್ನೆ: ಉಪಗ್ರಹದಿಂದ ಈ ಅಲೆಗಳು ಕಾಣುತ್ತವಂತೆ. ಮತ್ತೆ ಹಡಗು ಯಾಕೆ? (ಶಿಕ್ಷಕರು)

ಕಾಣುತ್ತವೆ. ಒಳ ಅಲೆ ಸಾಗುವಾಗ ಮೇಲ್ಮೈಯಲ್ಲಿ ಒರಟು ಪಟ್ಟೆ, ನುಣುಪು ಪಟ್ಟೆ ಮೂಡುತ್ತವೆ. ಉಪಗ್ರಹದ ರಾಡಾರ್ ಅದನ್ನು ಹಿಡಿಯುತ್ತದೆ. ಅಂಡಮಾನ್ ಸಮುದ್ರದ ಇಂಥ ಪಟ್ಟೆಗಳು 1975ರ ಅಪೊಲೊ-ಸೊಯುಜ್ ಯಾನದ ಫೋಟೋಗಳಲ್ಲೂ ಇವೆ. ಆದರೆ ಉಪಗ್ರಹಕ್ಕೆ ಕಾಣುವುದು ಚರ್ಮ ಮಾತ್ರ. ಅಲೆ ಎಲ್ಲಿ ಒಡೆಯಿತು, ತಣ್ಣೀರು ಎಷ್ಟು ಮೇಲೆ ಬೆರೆಯಿತು ಅನ್ನುವುದಕ್ಕೆ ನೀರಿಗಿಳಿಯಲೇಬೇಕು. 2010-11ರಲ್ಲಿ ಅಮೆರಿಕ ಮತ್ತು ತೈವಾನಿನ ಸಂಶೋಧಕರು ಲುಝಾನ್‌ನಲ್ಲಿ ಐವೈಸ್ ಅನ್ನುವ ಪ್ರಯೋಗ ಮಾಡಿದರು. ದಿಬ್ಬದ ಪಕ್ಕದಲ್ಲಿ ಭಾರದ ನೀರು ಹಗುರ ನೀರಿನ ಮೇಲೆ ಮಗುಚಿ ಬೀಳುವುದು ಅವರ ಸಾಧನಗಳಲ್ಲಿ ಸಿಕ್ಕಿತು. ಮಗುಚಿದ ನೀರಿನ ಎತ್ತರ 500 ಮೀಟರಿಗೂ ಜಾಸ್ತಿ! 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಓದಿದಾಗ ಮೈ ಜುಮ್ಮೆಂದಿತ್ತು. ಸಮುದ್ರದ ಶಾಖ ಮೇಲಿಂದ ಕೆಳಗೆ ಹೇಗೆ ಹೋಗುತ್ತದೆ ಅನ್ನುವ ಹವಾಮಾನದ ಲೆಕ್ಕಕ್ಕೆ ಇದು ಬೇಕೇ ಬೇಕು.

ಪ್ರಶ್ನೆ: ಮೂರಿಂಗ್ ಅಂದಿರಿ. ಅದು ಕಳೆದುಹೋಗುವುದಿಲ್ಲವೇ?

ಹೋಗುತ್ತದೆ, ಅದಕ್ಕೇ ಹೆದರಿಕೆ. ತಳದಲ್ಲಿ ಭಾರ, ಮೇಲೆ ತೇಲುವ ದೊಡ್ಡ ಬುಂಡೆ, ನಡುವೆ ಬಿಗಿದ ತಂತಿ, ತಂತಿಯುದ್ದಕ್ಕೂ ಸಾಧನಗಳು. ಇದು ಮೂರಿಂಗ್. ಭಾರಕ್ಕೆ ಬಹಳ ಸಲ ಬಳಸುವುದು ರೈಲಿನ ಹಳೇ ಚಕ್ರಗಳನ್ನು. ಭಾರದ ಮೇಲೆ ಒಂದು ಕೊಂಡಿ ಇರುತ್ತದೆ. ಹಡಗಿನಿಂದ ಶಬ್ದದ ಸಂಕೇತ ಕಳಿಸಿದರೆ ಅದು ಬಾಯಿ ಬಿಡುತ್ತದೆ. ಚಕ್ರಗಳು ತಳದಲ್ಲೇ ಉಳಿದು ಉಳಿದದ್ದೆಲ್ಲ ಮೇಲೆ ಬರುತ್ತದೆ. ಕೊಂಡಿ ಒಂದೇ ಹಾಕಬೇಡಿ. ಎರಡು ಹಾಕಿ, ಒಂದು ತೆರೆದರೂ ಸಾಕು ಅನ್ನುವ ಹಾಗೆ.

ಲುಝಾನ್‌ನಲ್ಲಿ ಇನ್ನೊಂದು ಕಷ್ಟ ಇದೆ. ಕುರೋಶಿಯೋ ಅನ್ನುವ ದೊಡ್ಡ ಪ್ರವಾಹ ಅಲ್ಲೇ ಹಾದು ಹೋಗುತ್ತದೆ. ಅದರ ಸೆಳೆತಕ್ಕೆ ಮೂರಿಂಗ್ ಗಾಳಿಗೆ ಬಾಗಿದ ಅಡಿಕೆ ಮರದ ಹಾಗೆ ವಾಲುತ್ತದೆ. ಮೇಲಿನ ಬುಂಡೆ ನೂರಾರು ಮೀಟರ್ ಕೆಳಗೆ ಹೋಗಿಬಿಡಬಹುದು. ಆದ್ದರಿಂದ ಪ್ರತಿ ಸಾಧನದ ಜೊತೆ ಒತ್ತಡ ಅಳೆಯುವುದನ್ನೂ ಕಟ್ಟಿ. ಇಲ್ಲದಿದ್ದರೆ ಅಲೆ ಇಳಿಯಿತೋ ಮೂರಿಂಗ್ ವಾಲಿತೋ ಆಮೇಲೆ ಹೇಳಲಾಗದು.

ಒಮ್ಮೆ ಬೆಳಗಿನ ಜಾವ ಸಂಕೇತ ಕಳಿಸಿ ಕಾದೆವು. ಕೊಂಡಿ ತೆರೆದೆ ಅಂತ ಉತ್ತರ ಬಂತು. ಅರ್ಧ ಗಂಟೆ ಕಳೆದರೂ ಕೆಂಪು ಬುಂಡೆ ಕಾಣಲಿಲ್ಲ. ಡೆಕ್ಕಿನ ಕೆಲಸಗಾರರ ಮುಖ್ಯಸ್ಥ ಬೋಸನ್ ಕಣ್ಣು ಕಿರಿದು ಮಾಡಿ, 'ಅಲ್ನೋಡಿ, ಹಳದಿ' ಅಂದರು. ತಂತಿಯ ಕೆಳಭಾಗಕ್ಕೆ ಕಟ್ಟಿದ ಗಾಜಿನ ಗುಂಡುಗಳು ತೇಲುತ್ತಿದ್ದವು. ಮೀನುಗಾರರ ಉದ್ದ ಗಾಳದ ದಾರ ಸುತ್ತಿ, ಮೇಲಿನ ಬುಂಡೆ ತುಂಡಾಗಿ ಎಲ್ಲೋ ಹೋಗಿತ್ತು. ಮೇಲಿನ ನಾಲ್ಕು ಸಾಧನ ಹೋದವು, ಕೆಳಗಿನ ಹನ್ನೊಂದು ಉಳಿದವು. ಆ ಗುಂಡುಗಳು ಪಟ್ಟಿಯಲ್ಲಿ ಬೇಡ, ತೂಕ ಜಾಸ್ತಿ ಅಂತ ಮೊದಲು ವಾದ ನಡೆದಿತ್ತು. ಈಗ ನನ್ನ ಯಾವ ಪ್ಲಾನಿನಲ್ಲೂ ಅವುಗಳ ಬಗ್ಗೆ ಚರ್ಚೆ ಇಲ್ಲ. ಮತ್ತೆ, ಕತ್ತಲಲ್ಲಿ ಯಾವತ್ತೂ ಕೊಂಡಿ ತೆರೆಸಬೇಡಿ.

ಪ್ರಶ್ನೆ: ಬೇರೆ ದೇಶದ ನೀರಿನಲ್ಲಿ ಹೀಗೆ ಅಳೆಯಲು ಅನುಮತಿ ಬೇಕೇ?

ಖಂಡಿತ ಬೇಕು, ಅದೂ ಬೇಗ ಕೇಳಬೇಕು. ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಒಪ್ಪಂದದ 248ನೇ ವಿಧಿಯಂತೆ ಕನಿಷ್ಠ ಆರು ತಿಂಗಳು ಮೊದಲು ಪೂರ್ತಿ ವಿವರ ಕೊಡಬೇಕು. ಜಲಸಂಧಿಗೆ ಇನ್ನೂ ಒಂದು ಮಾತು ಸೇರುತ್ತದೆ. ಅಂತರರಾಷ್ಟ್ರೀಯ ಸಂಚಾರದ ಜಲಸಂಧಿಯನ್ನು ಹಡಗುಗಳು ದಾಟಿ ಹೋಗಬಹುದು. ಆದರೆ ದಾಟುವಾಗ ದಡದ ದೇಶಗಳ ಅಪ್ಪಣೆ ಇಲ್ಲದೆ ಯಾವ ಸಂಶೋಧನೆಯನ್ನೂ ಮಾಡುವಂತಿಲ್ಲ, 40ನೇ ವಿಧಿ ಇದನ್ನು ಹೇಳುತ್ತದೆ. ಎರಡು ದಡದಲ್ಲಿ ಎರಡು ದೇಶ ಇದ್ದರೆ ಇಬ್ಬರನ್ನೂ ಕೇಳಿ. ನಾನು ಒಂದು ವರ್ಷ ಮೊದಲೇ ಅರ್ಜಿ ಬರೆಯುತ್ತೇನೆ. ಒಂದು ದೇಶ ಇಲ್ಲ ಅಂದರೆ ಯಾವ ಸ್ಟೇಷನ್ ಬಿಡುವುದು ಅನ್ನುವುದೂ ಆಗಲೇ ಬರೆದಿರುತ್ತದೆ.

ಪ್ರಶ್ನೆ: ಈ ಅಲೆಯಿಂದ ಹಡಗು ಮುಳುಗಬಹುದೇ?

ಮೇಲಿನ ಹಡಗಿಗೆ ಅಂಥ ಭಯ ಇಲ್ಲ. ಒಳಗೆ ನೂರಾರು ಮೀಟರ್ ಏರಿಳಿದರೂ ಮೇಲ್ಮೈ ಅಲುಗುವುದು ಬಹಳ ಕಡಿಮೆ. ಜಲಾಂತರ್ಗಾಮಿಯ ಮಾತು ಬೇರೆ. 2021ರ ಏಪ್ರಿಲ್‌ನಲ್ಲಿ ಬಾಲಿ ದ್ವೀಪದ ಉತ್ತರಕ್ಕೆ ಇಂಡೋನೇಷ್ಯಾದ ನಂಗಾಲಾ ಜಲಾಂತರ್ಗಾಮಿ ಮುಳುಗಿ 53 ಜನ ತೀರಿಕೊಂಡರು. ಒಳ ಅಲೆ ಕಾರಣ ಇರಬಹುದು ಅಂತ ಆ ದೇಶದ ನೌಕಾಪಡೆಯ ಅಧಿಕಾರಿಗಳೇ ಹೇಳಿದ್ದರು. ಆ 53 ಜನರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಪ್ರಶ್ನೆ: ನನಗೆ ಬಸ್ಸಿನಲ್ಲೇ ವಾಂತಿ ಬರುತ್ತೆ. ನಾನು ಸಮುದ್ರ ವಿಜ್ಞಾನಿ ಆಗಬಹುದಾ ಮೇಡಂ? (ಒಂಬತ್ತನೇ ತರಗತಿ ಹುಡುಗಿ)

ಆಗಬಹುದು ಪುಟ್ಟಾ. ಮೊದಲ ಮೂರು ದಿನ ನನಗೂ ವಾಂತಿ ಬರುತ್ತದೆ, ಈಗಲೂ. ಅದಕ್ಕೇ ಯಾನದ ಮೊದಲ ದಿನಗಳಲ್ಲಿ ಯಾರಿಗೂ ಕಷ್ಟದ ಕೆಲಸ ಹಾಕುವುದಿಲ್ಲ. ಹೊಟ್ಟೆ ಖಾಲಿ ಬಿಡಬೇಡ, ಆಗಾಗ ಹೊರಗೆ ಬಂದು ದಿಗಂತ ನೋಡು, ಡಾಕ್ಟರ್ ಕೊಟ್ಟ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ತೆಗೆದುಕೋ.

ಮತ್ತೆ, ಪಾಳಿ ಕೇಳುವಾಗ ಬೆಳಗಿನ ನಾಲ್ಕರಿಂದ ಎಂಟರದ್ದು ಕೇಳು. ಶಬ್ದ ಕಳಿಸಿ ನೀರೊಳಗೆ ಏನಿದೆ ಅಂತ ತೋರಿಸುವ ಎಕೋಸೌಂಡರ್ ಯಂತ್ರದ ಪರದೆಯ ಮೇಲೆ ಪುಟ್ಟ ಜೀವಿಗಳ ಪದರ ಒಂದು ಗೆರೆಯ ಹಾಗೆ ಕಾಣುತ್ತಿರುತ್ತದೆ. ಅಲೆ ಬಂದಾಗ ಆ ಗೆರೆ ನಿನ್ನ ಕಣ್ಣೆದುರೇ ನೂರು ಮೀಟರ್ ಕೆಳಗೆ ಕುಸಿದು ಮತ್ತೆ ಏಳುತ್ತದೆ. ಆಗ ಹೊರಗೆ ಓಡು. ಗಾಳಿ ಇಲ್ಲದ ಬೆಳಗಾದರೆ ದೂರದಿಂದ ಒಂದು ಒರಟು ಪಟ್ಟೆ ಹಡಗಿನ ಕಡೆಗೆ ಬರುವುದು ಕಾಣುತ್ತದೆ. ಹತ್ತಿರ ಬಂದಾಗ ಕಿವಿಗೊಡು, ಮಳೆ ಬರುತ್ತಿರುವ ಹಾಗೆ ಸದ್ದು ಕೇಳುತ್ತದೆ.