ಬೆಂಗಳೂರಿನ ಸರ್ಕಾರಿ ಲೈಬ್ರರಿಗಳಿಂದ ನಿಜವಾಗ್ಲೂ ಏನಾದ್ರೂ ಉಪಯೋಗ ಇದೆಯಾ?

ಇದೆ ಮೇಡಂ. ಆದ್ರೆ ಮನೇಲಿ ಯಾರಿಗೆ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ನೀವು ಬರೆದಿರೋ ಪ್ರಕಾರ ದಾವಣಗೆರೆ ಕಡೆಯಿಂದ ಈಗಷ್ಟೇ ಬಂದು ವಿಜಯನಗರದಲ್ಲಿ ಮನೆ ಮಾಡಿದೀರ, ಕೆಎಎಸ್‌ಗೆ ಓದ್ತಿರೋ ಮೈದುನ ಇದಾರೆ, ಬೆಳಗ್ಗೆ ಎದ್ದ ಕೂಡ್ಲೆ ಪೇಪರ್ ಕೇಳೋ ಮಾವ ಇದಾರೆ, ಎಂಟು ವರ್ಷದ ಮಗಳು, ಮತ್ತೆ ನಿಮಗೆ ಕಾದಂಬರಿ ಹುಚ್ಚು. ನಾನು ಇದೇ ಭಾಗದಲ್ಲಿ ಬೆಳೆದೋನು, ಲೈಬ್ರರಿ ಕಾರ್ಡ್ ಇವತ್ತಿಗೂ ಇಟ್ಕೊಂಡಿದೀನಿ, ಗೊತ್ತಿರೋದನ್ನ ಹೇಳ್ತೀನಿ.

ಮೊದಲು ದುಡ್ಡಿನ ವಿಷ್ಯ. "ಫ್ರೀ ಅಲ್ವಾ, ಹೆಂಗಿದ್ರೆ ಏನು" ಅಂತಾರೆ ಜನ, ಫ್ರೀ ಅಲ್ಲ ಅದು. ಮನೆ ಕಂದಾಯದ ರಸೀದಿ ಯಾವತ್ತಾದ್ರೂ ಕೈಗೆ ಸಿಕ್ರೆ ಸೆಸ್ ಅಂತ ಇರೋ ಸಾಲು ನೋಡಿ, ಬೆಂಗಳೂರಲ್ಲಿ ಕಂದಾಯದ ಮೇಲೆ ಆರೋಗ್ಯಕ್ಕೆ 15 ಪರ್ಸೆಂಟ್, ಗ್ರಂಥಾಲಯಕ್ಕೆ 6, ಭಿಕ್ಷುಕರ ಹೆಸರಲ್ಲಿ 3, ಹಿಂಗೆ ಈ ಮೂರಕ್ಕೇ 24 ಪರ್ಸೆಂಟ್ ಸೇರಿಸ್ತಾರೆ. ಅಂದ್ರೆ 5000 ರೂಪಾಯಿ ಕಂದಾಯ ಇರೋ ಮನೆಯಿಂದ ವರ್ಷಕ್ಕೆ 300 ರೂಪಾಯಿ ಲೈಬ್ರರಿ ಹೆಸರಲ್ಲಿ ಹೋಗುತ್ತೆ. ನಾವು ಬಾಡಿಗೆ ಮನೇಲಿದೀವಿ ಅಂತೀರಾ, ಓನರ್ ಅದನ್ನ ತಮ್ಮ ಜೇಬಿಂದ ಕಟ್ತಾರೆ ಅನ್ಕೊಂಡಿದೀರಾ! ಇದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದಿರೋ ವ್ಯವಸ್ಥೆ, ಲೈಬ್ರರಿಗೆ ಅಂತಾನೇ ಒಂದು ಆದಾಯ ಇರ್ಬೇಕು, ಸರ್ಕಾರದ ಮುಂದೆ ಪ್ರತಿ ವರ್ಷ ಕೈ ಚಾಚಬಾರ್ದು ಅನ್ನೋದು ಲೆಕ್ಕ. ಇಂಥ ಕಾಯ್ದೆ ಬೇಕು ಅಂತ ದೇಶ ಪೂರ್ತಿ ಓಡಾಡಿದ ಎಸ್.ಆರ್. ರಂಗನಾಥನ್ ತಮ್ಮ ಕೊನೆಗಾಲ ಕಳೆದಿದ್ದು ಬೆಂಗಳೂರಲ್ಲೇ, ಲೈಬ್ರರಿ ಸೈನ್ಸ್ ಕಲಿಸೋಕೆ 1962ರಲ್ಲಿ ಇಲ್ಲೇ ಒಂದು ಕೇಂದ್ರನೂ ಶುರು ಮಾಡಿದ್ರು. ಆದ್ರೆ ಪಾಲಿಕೆ ವಸೂಲಿ ಮಾಡಿದ ಸೆಸ್ಸು ಲೈಬ್ರರಿ ಇಲಾಖೆಗೆ ಪೂರ್ತಿ ತಲುಪಲ್ಲ, ನೂರಾರು ಕೋಟಿ ಬಾಕಿ ಅಂತ ಪೇಪರ್‌ನಲ್ಲಿ ಎಷ್ಟೋ ಸಲ ಬಂದಿದೆ. ಆಗ ಒಂದೇ ಬಿಬಿಎಂಪಿ ಇತ್ತು, ಈಗ ಐದು ಪಾಲಿಕೆ ಆಗಿದಾವೆ, ಬಾಕಿ ಯಾರು ತೀರಿಸ್ತಾರೋ ದೇವರಿಗೇ ಗೊತ್ತು. ಮುರಿದ ಕುರ್ಚಿ ನೋಡಿ ಲೈಬ್ರರಿಯನ್ ಮೇಲೆ ರೇಗೋದಕ್ಕಿಂತ ಮುಂಚೆ ಇದು ಗೊತ್ತಿರ್ಲಿ, ಅಷ್ಟೇ.

ಈಗ ನಿಮ್ಮ ಮೈದುನನ ವಿಷ್ಯ, ಯಾಕಂದ್ರೆ ಇವತ್ತು ಬೆಂಗಳೂರಿನ ದೊಡ್ಡ ಲೈಬ್ರರಿಗಳು ಬದುಕಿರೋದೇ ಇಂಥ ಹುಡುಗ್ರು ಹುಡುಗೀರಿಂದ. ನಿಮಗೆ ಹತ್ರದ್ದು ಹಂಪಿನಗರದ ಲೈಬ್ರರಿ, ಪಶ್ಚಿಮ ವಲಯದ ನಗರ ಕೇಂದ್ರ ಗ್ರಂಥಾಲಯ ಅದು, ವಿಜಯನಗರ ಇಲ್ಲಾ ಅತ್ತಿಗುಪ್ಪೆ ಮೆಟ್ರೋ ಇಳಿದು ಯಾರನ್ನ ಕೇಳಿದ್ರೂ ತೋರಿಸ್ತಾರೆ. ಅಲ್ಲಿ ಓದೋರಲ್ಲಿ ಮುಕ್ಕಾಲು ಪಾಲು ಲೈಬ್ರರಿ ಪುಸ್ತಕ ಮುಟ್ಟೋದೇ ಇಲ್ಲ, ಕೆಎಎಸ್, ಪಿಡಿಒ, ಎಫ್‌ಡಿಎ, ಎಸ್‌ಡಿಎ, ಪೊಲೀಸ್ ಅಂತ ಸರ್ಕಾರಿ ನೌಕರಿ ಪರೀಕ್ಷೆಗೆ ತಮ್ಮ ತಮ್ಮ ಪುಸ್ತಕ, ಝೆರಾಕ್ಸ್ ನೋಟ್ಸು, ನೀರಿನ ಬಾಟ್ಲು ತಂದು ಬೆಳಗ್ಗೆಯಿಂದ ಸಾಯಂಕಾಲದವರೆಗೂ ಕೂತಿರ್ತಾರೆ. ಅವರಿಗೆ ಬೇಕಾಗಿರೋದು ಪುಸ್ತಕ ಅಲ್ಲ, ಕೂರೋಕೆ ಜಾಗ. ಪಿಜಿ ರೂಮಲ್ಲಿ ನಾಲ್ಕು ಜನ, ಒಂದು ಫ್ಯಾನು, ಪಕ್ಕದ ರೂಮಲ್ಲಿ ರೀಲ್ಸ್ ಸೌಂಡು, ಅಲ್ಲಿ ಸಂವಿಧಾನದ ವಿಧಿಗಳು ತಲೆಗೆ ಹತ್ತುತ್ತಾ? ಹಳ್ಳಿಯಿಂದ ಬಂದು ಇಂಥ ಟೇಬಲ್‌ಗಳಲ್ಲೇ ಓದಿ ನೌಕರಿ ಹಿಡಿದಿರೋರು ನನ್ನ ಪರಿಚಯದಲ್ಲೇ ಇದಾರೆ. ಕೋಚಿಂಗ್ ಸೆಂಟರ್‌ಗಳ ಹತ್ರ ಇರೋ ಪ್ರೈವೇಟ್ ರೀಡಿಂಗ್ ರೂಮುಗಳು ಇದೇ ಜಾಗಕ್ಕೆ, ಒಂದು ಎಸಿ ಒಂದು ವೈಫೈ ಸೇರಿಸಿ, ತಿಂಗಳಿಗೆ ಸಾವಿರದ ಲೆಕ್ಕದಲ್ಲಿ ತಗೋತವೆ, ಮನೆಯಿಂದ ದುಡ್ಡು ತರಿಸ್ಕೊಳ್ಳೋ ಹುಡುಗನಿಗೆ ಅದೇನು ಸಣ್ಣ ಮಾತಲ್ಲ.

ಕಷ್ಟ ಏನಂದ್ರೆ ಸೀಟು. ಸರ್ಕಾರಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಂಗೆ ಇಲ್ಲೂ ಬಾಗಿಲು ತೆಗೆಯೋ ಹೊತ್ತಿಗೇ ಬ್ಯಾಗು ಇಟ್ಟು ಜಾಗ ಹಿಡೀತಾರೆ, ಪರೀಕ್ಷೆ ನೋಟಿಫಿಕೇಶನ್ ಬಂತು ಅಂದ್ರಂತೂ ಮುಗೀತು, ಮೆಟ್ಟಿಲ ಮೇಲೂ ಕೂತು ಓದ್ತಿರ್ತಾರೆ. ಹಂಗಾಗಿ ಬೆಳಗ್ಗೆ ಬಾಗಿಲು ತೆಗೆಯೋ ಮುಂಚೆನೇ ಹೋಗಿರ್ಲಿ. ಇನ್ನೊಂದು, ಒಬ್ಬನೇ ಓದೋನಾದ್ರೆ ಅಲ್ಲಿ ಮಧ್ಯಾಹ್ನದ ಟೀ ಹೊತ್ತಲ್ಲಿ ಒಂದು ಗುಂಪು ಸೇರ್ಕೊಳ್ಳಲಿ, ಕರೆಂಟ್ ಅಫೇರ್ಸ್, ಹಳೇ ಪ್ರಶ್ನೆಪತ್ರಿಕೆ, ಯಾವ ಟೆಸ್ಟ್ ಸೀರೀಸ್ ಪರವಾಗಿಲ್ಲ ಯಾವುದು ಬರೀ ದುಡ್ಡು ಹೊಡೆಯೋದು, ಇದೆಲ್ಲ ಆ ಟೀ ಅಂಗಡಿ ಮುಂದೆ ಸಿಗುತ್ತೆ, ಯಾವ ಬೋರ್ಡಲ್ಲೂ ಬರೆದಿರಲ್ಲ.

ಮಾವನವರದ್ದು ಸುಲಭ. ಮನೆ ಹತ್ರದ ಶಾಖಾ ಗ್ರಂಥಾಲಯ ಸಾಕು, ಕನ್ನಡ ಪೇಪರು ಬಹುತೇಕ ಎಲ್ಲಾ ಬರುತ್ತೆ, ಒಂದೆರಡು ಇಂಗ್ಲಿಷು, ವಾರಪತ್ರಿಕೆ, ಮಾಸಪತ್ರಿಕೆ. ಮೆಂಬರ್‌ಶಿಪ್ ಬೇಡ, ರಿಜಿಸ್ಟರ್‌ನಲ್ಲಿ ಹೆಸರು ಬರೆದು ಸಹಿ ಹಾಕಿದ್ರೆ ಆಯ್ತು. ಆ ಸಹಿ ಮಾತ್ರ ತಪ್ಪಿಸ್ಬೇಡಿ ಅಂತ ಹೇಳಿ, ದಿನಕ್ಕೆ ಎಷ್ಟು ಜನ ಬಂದ್ರು ಅನ್ನೋ ಲೆಕ್ಕಕ್ಕೆ ಅದು ಬೇಕಾಗುತ್ತೆ. ಅಲ್ಲೊಂದು ಅಲಿಖಿತ ಕಾನೂನಿದೆ, ಪೇಪರನ್ನ ಬಿಡಿ ಬಿಡಿ ಮಾಡಿ ಕ್ರೀಡಾ ಪುಟ ಒಬ್ರು, ಸಂಪಾದಕೀಯ ಒಬ್ರು, ಶ್ರದ್ಧಾಂಜಲಿ ಜಾಹೀರಾತು ಒಬ್ರು ಅಂತ ಹಂಚ್ಕೊಂಡಿರ್ತಾರೆ, ಹೊಸಬರು ಕೇಳಿ ತಗೋಬೇಕು, ಕಿತ್ಕೊಂಡ್ರೆ ಜಗಳನೇ. ಒಂದು ವಾರ ಹೋದ್ರೆ ಮಾವನವರಿಗೆ ಗೆಳೆಯರು ಸಿಗ್ತಾರೆ, ಊರು ಬಿಟ್ಟು ಬಂದ ವಯಸ್ಸಾದೋರಿಗೆ ಪೇಪರ್‌ಗಿಂತ ಅದೇ ದೊಡ್ಡದು ಅನ್ಸುತ್ತೆ ನನಗೆ. ಚಿಕ್ಕ ಶಾಖೆಗಳಲ್ಲಿ ಮಧ್ಯಾಹ್ನ ಬಾಗಿಲು ಹಾಕಿ ಸಾಯಂಕಾಲ ಮತ್ತೆ ತೆಗೆಯೋ ರೂಢಿ ಇದೆ, ಟೈಮ್ ಕೇಳ್ಕೊಳ್ಳಿ. ಸೋಮವಾರ ರಜೆ, ಎರಡನೇ ಮಂಗಳವಾರನೂ ರಜೆ. ಭಾನುವಾರ ತೆಗೆದಿರುತ್ತೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಮಗಳ ವಿಷ್ಯದಲ್ಲಿ ಮಾತ್ರ ಜಾಸ್ತಿ ಆಸೆ ಹುಟ್ಟಿಸಲ್ಲ. ಮಕ್ಕಳ ವಿಭಾಗ ಅಂತ ಬೋರ್ಡು ತುಂಬಾ ಕಡೆ ಇರುತ್ತೆ, ಆದ್ರೆ ಕಪಾಟಿಗೆ ಬೀಗ ಹಾಕಿ ಕೀ ಯಾರ ಹತ್ರ ಇದೆ ಅಂತ ಹುಡುಕೋ ಶಾಖೆನೂ ನೋಡಿದೀನಿ. ಕಬ್ಬನ್ ಪಾರ್ಕ್ ಒಳಗೆ ಮಕ್ಕಳಿಗೇ ಅಂತ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯ ಇದೆ, ಭಾನುವಾರ ಪಾರ್ಕು, ಬಾಲಭವನ ಎಲ್ಲಾ ಸೇರಿಸ್ಕೊಂಡು ಒಂದ್ಸಲ ಕರ್ಕೊಂಡ್ ಹೋಗಿ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಮಾಡ್ತಾರೆ, ಪುಸ್ತಕ ಪ್ರದರ್ಶನ, ಮಕ್ಕಳಿಗೆ ಪ್ರಬಂಧ ಸ್ಪರ್ಧೆ, ಚಿತ್ರ ಬಿಡಿಸೋದು ಇರುತ್ತೆ, ಪ್ರಚಾರ ಅಷ್ಟಕ್ಕಷ್ಟೇ, ನೀವೇ ಹೋಗಿ ಕೇಳ್ಬೇಕು. ನಿಜ ಹೇಳ್ಬೇಕಂದ್ರೆ ಈ ಮಕ್ಕಳ ವಿಷ್ಯದಲ್ಲಿ ಹಳ್ಳಿಗಳೇ ಈಗ ಮುಂದಿವೆ. 2019ರಲ್ಲಿ ಗ್ರಾಮ ಪಂಚಾಯ್ತಿ ಲೈಬ್ರರಿಗಳನ್ನ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಕೊಟ್ರು, ಮಾರನೇ ವರ್ಷ ಕೊರೋನಾದಲ್ಲಿ ಸ್ಕೂಲು ಮುಚ್ಚಿದ್ದಾಗ "ಓದುವ ಬೆಳಕು" ಅಂತ ಶುರು ಮಾಡಿ ಮಕ್ಕಳನ್ನ ಫ್ರೀಯಾಗಿ ಸದಸ್ಯರು ಮಾಡ್ಕೊಂಡ್ರು, ಈಗ ಅದಕ್ಕೆ ಅರಿವು ಕೇಂದ್ರ ಅಂತಾರೆ. ರಜೆಗೆ ಊರಿಗೆ ಹೋದಾಗ ನಿಮ್ಮ ಪಂಚಾಯ್ತಿದು ಹೆಂಗಿದೆ ನೋಡಿ, ಕೆಲವು ಕಡೆ ಗೋಡೆಗೆಲ್ಲ ಚಿತ್ರ ಬರೆಸಿ ಚೆನ್ನಾಗಿ ನಡೆಸ್ತಿದಾರೆ.

ಬಸವನಗುಡಿ ಕಡೆ ಹೋಗೋ ಅಭ್ಯಾಸ ಇದ್ರೆ ಬಿ.ಪಿ. ವಾಡಿಯಾ ರಸ್ತೆಯಲ್ಲಿರೋ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ನೋಡಿ. ಸರ್ಕಾರದ್ದಲ್ಲ, 1945ರಿಂದ ಇದೆ, ಮಕ್ಕಳ ಲೈಬ್ರರಿ ಬೇರೆಯಾಗೇ ಇದೆ, ಸಂಜೆ ಹೊತ್ತು ಉಪನ್ಯಾಸ, ಸಂಗೀತ ಏನಾದ್ರೂ ನಡೀತಿರುತ್ತೆ. ಅದೇ ವರ್ಷ ಡಿ.ವಿ.ಜಿ. ಶುರು ಮಾಡಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಅಲ್ಲೇ ಹತ್ರ ಎನ್.ಆರ್. ಕಾಲೋನಿಯಲ್ಲಿದೆ, ಅಲ್ಲೂ ಲೈಬ್ರರಿ ಇದೆ.

ಇನ್ನು ನಿಮ್ಮ ಕಾದಂಬರಿ. ಹೋದ ತಿಂಗಳು ಬಿಡುಗಡೆ ಆಗಿ ಎಲ್ರೂ ಮಾತಾಡ್ತಿರೋ ಪುಸ್ತಕ ಬೇಕು ಅಂದ್ರೆ ಸರ್ಕಾರಿ ಲೈಬ್ರರಿ ನೆಚ್ಕೋಬೇಡಿ. ಅದಕ್ಕೆ ಕಾರಣ ಪುಸ್ತಕ ಬರೋ ದಾರಿ. ನಮ್ಮಲ್ಲಿ ಏಕಗವಾಕ್ಷಿ ಯೋಜನೆ ಅಂತ ಇದೆ, ಪ್ರಕಾಶಕರು ಪುಸ್ತಕ ಅಚ್ಚು ಹಾಕಿ, ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಪ್ರತಿಗಳನ್ನ ಕೊಟ್ಟು ನೋಂದಣಿ ಮಾಡಿಸಿ, ಅರ್ಜಿ ಹಾಕ್ತಾರೆ, ಸಮಿತಿ ಆಯ್ಕೆ ಮಾಡುತ್ತೆ, ಆಯ್ಕೆ ಆದ ಶೀರ್ಷಿಕೆಗೆ 300 ಪ್ರತಿ ಲೆಕ್ಕದಲ್ಲಿ ಪುಟಕ್ಕೆ ಇಷ್ಟು ಅಂತ ಬೆಲೆ ಕಟ್ಟಿ ಖರೀದಿ, ಆಮೇಲೆ ರಾಜ್ಯದ ಲೈಬ್ರರಿಗಳಿಗೆ ಹಂಚಿಕೆ. ಈ ದಾರೀಲಿ ಒಂದು ಪುಸ್ತಕ ನಿಮ್ಮ ಶಾಖೆ ಕಪಾಟು ಸೇರೋ ಹೊತ್ತಿಗೆ ವರ್ಷಗಳೇ ಆಗಿರುತ್ತೆ, ಖರೀದಿನೂ ಪ್ರತಿ ವರ್ಷ ಟೈಮಿಗೆ ಆಗಲ್ಲ. ಹಂಗಂತ ಆ 300 ಪ್ರತಿನ ಹೀಯಾಳಿಸೋಕಾಗಲ್ಲ, ಸಣ್ಣ ಕನ್ನಡ ಪ್ರಕಾಶಕರು ಧೈರ್ಯ ಮಾಡಿ ಕವನ ಸಂಕಲನ ಹಾಕೋದು ಅದನ್ನ ನಂಬ್ಕೊಂಡೇ.

ಆದ್ರೆ ಹಳೇದು ಬೇಕಾ, ಅಲ್ಲಿ ನಿಮಗೆ ಹಬ್ಬ. ಅಂಗಡೀಲಿ ಮರುಮುದ್ರಣನೇ ಇಲ್ಲದ ಸಾಮಾಜಿಕ ಕಾದಂಬರಿ, ಪತ್ತೇದಾರಿ, ಯಾವುದೋ ಊರಿನ ಸ್ಮರಣ ಸಂಚಿಕೆ, ವಿಶ್ವವಿದ್ಯಾಲಯದ ಪ್ರಸಾರಾಂಗದವರು ಎರಡು ರೂಪಾಯಿಗೆ ಮಾರ್ತಿದ್ದ ಪುಟ್ಟ ಪುಸ್ತಕಗಳು, ಇವೆಲ್ಲ ಶಾಖಾ ಲೈಬ್ರರಿಯ ಮೂಲೆ ಕಪಾಟಲ್ಲಿ ಧೂಳು ಹಿಡಿದು ಕೂತಿರುತ್ತೆ. ಕ್ಯಾಟಲಾಗ್ ನಂಬ್ಕೊಂಡು ಹೋಗ್ಬೇಡಿ, ಹಳೇ ಸಿಬ್ಬಂದಿನ ಕೇಳಿ, "ಅದಾ, ಆ ಕೆಳಗಿನ ಸಾಲಲ್ಲಿ ಇತ್ತು ನೋಡಿ" ಅಂತ ಹೇಳೋರು ಇನ್ನೂ ಇದಾರೆ. ಕೊನೇ ಪುಟಗಳು ಹರಿದಿದೆಯಾ ಅಂತ ತಗೊಳ್ಳೋ ಮುಂಚೆನೇ ನೋಡ್ಕೊಳ್ಳಿ, ಪತ್ತೇದಾರಿ ಕಾದಂಬರಿ ಆದ್ರಂತೂ ತಪ್ಪದೇ.

ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅದೇ ರಾಜ್ಯ ಕೇಂದ್ರ ಗ್ರಂಥಾಲಯ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಶುರುವಾಗಿದ್ದು. ಫೋಟೋ ತಗೊಳ್ಳೋರು ಹೊರಗಡೆ ಸಿಕ್ಕಾಪಟ್ಟೆ, ಒಳಗೆ ಬರೋರು ಕಮ್ಮಿ. ಹಳೇ ಪುಸ್ತಕ ಕೂತು ನೋಡೋಕೆ, ಗೆಜೆಟಿಯರ್ ತಿರುವಿ ಹಾಕೋಕೆ ಒಳ್ಳೆ ಜಾಗ. ದೃಷ್ಟಿ ಇಲ್ಲದವರಿಗೆ ಬ್ರೈಲ್ ವಿಭಾಗನೂ ಇದೆ, ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ.

ಫೋನಲ್ಲೇ ಓದ್ತೀನಿ ಅಂದ್ರೆ ಇ-ಸಾರ್ವಜನಿಕ ಗ್ರಂಥಾಲಯ ಅಂತ ಆ್ಯಪ್ ಇದೆ, ಇಲಾಖೆದೇ, 2020ರಲ್ಲಿ ಬಂದಿದ್ದು, ಲಾಕ್‌ಡೌನ್‌ನಲ್ಲಿ ಜನ ಮುಗಿಬಿದ್ರು. ಹೆಸರು ನೋಂದಾಯಿಸೋಕೆ ದುಡ್ಡಿಲ್ಲ. ಇ-ಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆ ಸಾಮಗ್ರಿ, ಸ್ಕೂಲ್ ಪಾಠದ ವಿಡಿಯೋ ಇದಾವೆ, ಮಗಳಿಗೂ ಮೈದುನನಿಗೂ ಆಗುತ್ತೆ. ಸರ್ಚ್ ಮಾತ್ರ ಸ್ವಲ್ಪ ತಲೆನೋವು, ಕನ್ನಡದಲ್ಲಿ ಟೈಪ್ ಮಾಡಿ ಸಿಗ್ಲಿಲ್ಲ ಅಂದ್ರೆ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ನೋಡಿ. ಹಳೇ ಕನ್ನಡ ಪುಸ್ತಕಕ್ಕೆ ನಾನು ಜಾಸ್ತಿ ಹೋಗೋದು ಆರ್ಕೈವ್ ಡಾಟ್ ಆರ್ಗ್‌ಗೆ, ಸರ್ವೆಂಟ್ಸ್ ಆಫ್ ನಾಲೆಡ್ಜ್ ಅನ್ನೋ ಗುಂಪಿನೋರು ಬೆಂಗಳೂರಲ್ಲೇ ಕೂತು ಸ್ಕ್ಯಾನ್ ಮಾಡಿ ಹಾಕ್ತಿದಾರೆ.

ಮನೆಗೆ ಪುಸ್ತಕ ತರ್ಬೇಕು ಅಂದ್ರೆ ಮಾತ್ರ ಸದಸ್ಯತ್ವ. ಫಾರಂ, ಫೋಟೋ, ವಿಳಾಸದ ದಾಖಲೆ, ಒಂದು ಸಣ್ಣ ಡೆಪಾಸಿಟ್ಟು. ಬಾಡಿಗೆ ಮನೆಯೋರಿಗೆ ಕೆಲವು ಕಡೆ ಗೆಜೆಟೆಡ್ ಆಫೀಸರ್ ಸಹಿ ಬೇಕು ಅಂತಾರೆ, ಕೆಲವು ಕಡೆ ಆಧಾರ್ ಸಾಕು, ಆಧಾರ್‌ನಲ್ಲಿ ಇನ್ನೂ ದಾವಣಗೆರೆ ವಿಳಾಸನೇ ಇದ್ರೆ ಬಾಡಿಗೆ ಕರಾರುಪತ್ರದ ಝೆರಾಕ್ಸ್ ತಗೊಂಡು ಹೋಗಿ. ಡೆಪಾಸಿಟ್ ವಾಪಸ್ ಬರೋದು, ಆದ್ರೆ ರಸೀದಿ ತೋರಿಸಿದ್ರೆ ಮಾತ್ರ, ಅದರದ್ದೊಂದು ಫೋಟೋ ಅವತ್ತೇ ಫೋನಲ್ಲಿ ತೆಗೆದಿಟ್ಕೊಳ್ಳಿ. ಮತ್ತೆ ಕೌಂಟರ್ ಹತ್ರ ಸಲಹಾ ಪುಸ್ತಕ ಕೊಡಿ ಅಂತ ಕೇಳಿ, ಮಕ್ಕಳ ಕಪಾಟು ತೆಗೆದಿಡಿ, ಇಂಥ ಪುಸ್ತಕ ತರಿಸಿ ಅಂತ ಬರೆದು ತಾರೀಖು ಹಾಕಿ. ಬಾಯಲ್ಲಿ ಹೇಳಿದ್ದು ಅಲ್ಲೇ ಹೋಗುತ್ತೆ, ಬರೆದಿದ್ದನ್ನ ಇನ್ಸ್‌ಪೆಕ್ಷನ್‌ಗೆ ಬಂದ ಅಧಿಕಾರಿ ಮುಂದೆ ಲೈಬ್ರರಿಯನ್ ಇಟ್ಟು ತಮಗೆ ಬೇಕಾಗಿದ್ದನ್ನ ಕೇಳ್ಬಹುದು, ಎಷ್ಟೋ ಸಲ ಅವರೇ ಖುಷಿಯಿಂದ ಪೆನ್ ಕೊಡ್ತಾರೆ.