ಮೈನ್‌ಕ್ರಾಫ್ಟ್ ಬಿಡಿಸಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ

ಎಂಟು ವರ್ಷದ ಮಗ ಪುಸ್ತಕ ಮುಟ್ಟಲ್ಲ, ಬರೀ ಮೈನ್‌ಕ್ರಾಫ್ಟ್ (ಬ್ಲಾಕ್ ಜೋಡಿಸಿ ಮನೆ ಗಿನೆ ಕಟ್ಟೋ ವಿಡಿಯೋ ಗೇಮ್) ಆಡುತ್ತಾನೆ, ಇದರಿಂದ ಓದು ಬರಹಕ್ಕೆ ಏನಾದರೂ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಇದೆ, ಆದರೆ ನೀವು ಪಕ್ಕದಲ್ಲಿ ಕೂರಬೇಕು. ನನ್ನ ಮಗಳೂ ಹೀಗೇ ಇದ್ದಳು. ಆ ಆಟದಲ್ಲಿ ಮರದ ಬೋರ್ಡ್ ನೆಟ್ಟು ನಾಲ್ಕು ಸಾಲು ಬರೆಯಬಹುದು, ಗೊತ್ತಲ್ವಾ? ಅವಳು ಕೋಳಿಗೂಡಿನ ಮುಂದೆ ಇಂಗ್ಲಿಷಿನಲ್ಲಿ 'ಕ್ಲೋಸ್ ಡೋರ್' ಅಂತ ಬರೆದಳು, ಕ್ಲೋಸ್‌ಗೆ ಕೆ, ಡೋರ್‌ಗೆ ಒಂದೇ ಓ. ನಾನು ತಿದ್ದಲಿಲ್ಲ. ಜೊತೆಗೆ ಆಡುತ್ತಿದ್ದ ಅಣ್ಣನಿಗೆ ಅದನ್ನು ಓದೋಕೆ ಆಗಲಿಲ್ಲ, ಬಾಗಿಲು ತೆರೆದೇ ಬಿಟ್ಟ, ಕೋಳಿಗಳೆಲ್ಲ ಹೊರಗೆ! ಆಮೇಲೆ ಅವಳೇ ಓಡಿ ಬಂದು ಸ್ಪೆಲ್ಲಿಂಗ್ ಕೇಳಿದಳು. ಕಾಪಿ ಬರೆಸಿದ್ದರೆ ಹೀಗೆ ಕೇಳುತ್ತಿದ್ದಳಾ?

ಇನ್ನೊಂದು, ಪುಸ್ತಕ, ಗರಿ, ಶಾಯಿ ಚೀಲ ಸೇರಿಸಿದರೆ ಆಟದೊಳಗೇ ಬರೆಯೋ ಪುಸ್ತಕ ಸಿಗುತ್ತದೆ. ಇವತ್ತು ಏನು ಕಟ್ಟಿದೆ ಅಂತ ದಿನಾ ಎರಡು ಸಾಲು ಬರೆಯೋಕೆ ಹೇಳಿ, ರಾತ್ರಿ ಜೋರಾಗಿ ಓದಿಸಿ. ಕಂಪ್ಯೂಟರಿನಲ್ಲಿ ಆಡೋ 'ಜಾವಾ ಎಡಿಷನ್' ಅನ್ನೋ ಆವೃತ್ತಿಯಲ್ಲಿ ಭಾಷೆ ಬದಲಿಸೋ ಪಟ್ಟಿಯಲ್ಲಿ ಕನ್ನಡವೂ ಇದೆ, ವಾರಕ್ಕೊಂದು ದಿನ ಹಾಕಿ ನೋಡಿ. ಬೇರೆಯವರು ಆಡೋ ವಿಡಿಯೋ ಸುಮ್ನೆ ನೋಡುತ್ತಾ ಕೂರೋದು ಮಾತ್ರ ಜಾಸ್ತಿ ಬೇಡ, ಅದರಲ್ಲಿ ಅವನು ಒಂದಕ್ಷರವನ್ನೂ ಬರೆಯೋದಿಲ್ಲ.